ಗಿನ್ಕಾಳ ಕತ್ತರಿ

ಡ್ಯಾನ್ಯೂಬ್ ದಂಡೆಯ ಆ ಬಲ್ಗೇರಿಯನ್ ಊರಿನ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಗಿಂತ ಗಿನ್ಕಾ ಸಿಸ್ಟರಿಗೇ ಜನ ಹೆಚ್ಚು ಹೆದರುತ್ತಾರೆ. ರೋಗಿಯ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆಯನ್ನು ಯಾರೇ ಮುಟ್ಟಲಿ, ಆಕೆ ಬೆನ್ನ ಹಿಂದೆ ಹಾಜರು. “ಕೈ ತೊಳೆದ್ರಾ? ನಾನು ನೋಡದೆ ತೊಳೆದಿದ್ರೆ ಅದು ತೊಳೆದ ಹಾಗಲ್ಲ!” ನಳಿಕೆಯ ಮೂತಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುವಾಗ ಹದಿನೈದು ಎಣಿಸಲೇಬೇಕು, ಹನ್ನೆರಡಕ್ಕೆ ನಿಲ್ಲಿಸಿದವರಿಗೆ ಮತ್ತೆ ಒಂದರಿಂದ ಶುರು. ಪ್ರಾರ್ಥನೆಗೆ ಬಂದ ಪಾದ್ರಿಯ ಶಿಲುಬೆಯನ್ನೂ ಒರೆಸಿಯೇ ಒಳಗೆ ಬಿಟ್ಟವಳು. ಮಾರ್ಚ್ ಒಂದರಂದು ಊರಿಗೆ ಊರೇ ಆರೋಗ್ಯವಾಗಿರಲೆಂದು ಒಬ್ಬರ ಮಣಿಕಟ್ಟಿಗೊಬ್ಬರು ಕೆಂಪು-ಬಿಳಿ ದಾರ ಕಟ್ಟಿದರೆ, ಈಕೆ ಕತ್ತರಿ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತಾಳೆ. “ಅಮ್ಮ ಕಟ್ಟಿದ್ದು ಸಿಸ್ಟರ್, ಗ್ಲೌಸ್ ಒಳಗೆ ಇರುತ್ತೆ ಬಿಡಿ,” ಎಂದು ಹೊಸ ಡಾಕ್ಟರ್ ಕಲೋಯಾನ್ ಗೋಗರೆದರೆ, “ಹಾಗಾದ್ರೆ ಅಮ್ಮನ್ನೇ ಕರ್ಕೊಂಡ್ ಬಾಪ್ಪಾ, ಅವರಿಗೂ ಕೈ ತೊಳೆಸ್ತೀನಿ,” ಎಂದು ಕಚಕ್ಕನೆ ಕತ್ತರಿಸುತ್ತಾಳೆ. ಎಲ್ಲರೂ ನಗುತ್ತಾರೆ, ಅವಳೊಬ್ಬಳನ್ನು ಬಿಟ್ಟು. ಹನ್ನೊಂದು ವರ್ಷದ ಹಿಂದೆ ತನ್ನಮ್ಮ ಕಟ್ಟಿದ ದಾರ ತೆಗೆಯಲು ಮನಸ್ಸಾಗದೆ, ಗ್ಲೌಸಿನೊಳಗೆ ತುರುಕಿಕೊಂಡು, ನಾಲ್ಕನೇ ಹಾಸಿಗೆಯ ಮೇಷ್ಟ್ರ ನಳಿಕೆಗೆ ಹೊಸ ಪಟ್ಟಿ ಹಾಕಿದವಳು ಅವಳೇ. ದಾರ ಹೊರಗೆ ಜಾರಿ ನಳಿಕೆಗೆ ತಾಗಿದ್ದನ್ನು ಕಂಡೂ ಸುಮ್ಮನಿದ್ದಳು. ಮೂರನೇ ದಿನ ಚಳಿಜ್ವರ, ರಕ್ತಕ್ಕೆಲ್ಲ ನಂಜು. ಎಂಟನೇ ದಿನ ಮೇಷ್ಟ್ರಿಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೇಷ್ಟ್ರ ಹೆಂಡತಿ ವೆಲಿಕಾ ಮಾತ್ರ ಪ್ರತಿ ಮಾರ್ಚ್ ಒಂದರ ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲಿ ಕಾದಿರುತ್ತಾರೆ. “ಕೈ ಕೊಡಮ್ಮ. ಹೆತ್ತ ಮಗಳ ಹಾಗೆ ನೋಡ್ಕೊಂಡೆ ನೀನು ಅವರನ್ನ,” ಎಂದು ಕೆಂಪು-ಬಿಳಿ ದಾರಕ್ಕೆ ಗಂಟು ಹಾಕುತ್ತಾರೆ. ಗಿನ್ಕಾ ತಲೆ ತಗ್ಗಿಸಿ ಕೈ ಚಾಚುತ್ತಾಳೆ. ಮುದುಕಿ ಕಣ್ಮರೆಯಾಗುವವರೆಗೂ ಅಲ್ಲೇ ನಿಂತಿದ್ದು ಆಮೇಲೆ ಕತ್ತರಿ ತೆಗೆಯುತ್ತಾಳೆ. ಪ್ರತಿ ವರ್ಷ ಆ ಕತ್ತರಿ ಕತ್ತರಿಸುವ ಮೊದಲ ದಾರ ಅದೇ.