ಮೊರ ನಿಂತ ಜಾಗ

ಬರೆದದ್ದನ್ನು ಅಚ್ಚಿಗೆ ಕಳಿಸುವ ಮೊದಲು ನಾದಿನಿಗೆ ಓದಿ ಹೇಳುವುದು ನನ್ನ ರೂಢಿ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ನಮ್ಮೊಂದಿಗೇ ಇದ್ದವಳು ಅವಳು. ತೊಗರಿಬೇಳೆ ಕೇರುತ್ತ ಕೇಳುತ್ತಿದ್ದಳು. ಮೊರ ನಿಂತರೆ ಆ ಸಾಲು ಉಳಿಯುತ್ತಿತ್ತು. ಸದ್ದು ಜೋರಾದರೆ ನಾನು ಆ ಸಾಲಿನ ಮೇಲೆ ಗೀಟು ಎಳೆಯುತ್ತಿದ್ದೆ.

ಪ್ಲೇಗು ಬಂದ ವರ್ಷ ಕಲಬುರಗಿಯ ನಮ್ಮ ಮನೆಯ ತೊಲೆಯಿಂದ ಇಲಿ ಸತ್ತು ಬಿದ್ದವು. ಮನೆಗೆ ಕೀಲಿ ಹಾಕಿ, ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟದ ಪಕ್ಕ ಗುಡಿಸಲು ಹಾಕಿಕೊಂಡೆವು. ಅಲ್ಲಿ ಬರೆದದ್ದು ನಾದಿನಿಯದೇ ಕತೆ. ಗಂಡ ಸತ್ತ ದಿನ ಬಳೆ ಒಡೆದಾಗ ಹುಡುಗಿ ಅಳುವುದಿಲ್ಲ. ಚಂದದ ಚೂರುಗಳನ್ನು ಆಟಕ್ಕೆಂದು ಉಡಿಯಲ್ಲಿ ಆರಿಸಿಕೊಳ್ಳುತ್ತಾಳೆ. ಅಲ್ಲಿ ಮೊರ ನಿಂತಿತು.

“ವೈನಿ, ಹಸರು ಚೂರ ಭಾಳ ಇದ್ವು. ಅದನ್ನೂ ಬರೀರಿ.”

“ಹಾಳ ಹರಟಿ ಬರದು ಹಾಳಿ ಯಾಕ ಕೆಡಸ್ತೀರಿ?” ಒಲೆಯ ಮುಂದಿನಿಂದ ಅತ್ತೆ ಗದರಿದರು. ಬಳೆ ಒಡೆದ ದಿನ ಮಗಳನ್ನು ಹಿಡಿದು ಕೂತವರು ಅವರೇ.

ನಿಜಾಮರ ಸೀಮೆಯಲ್ಲಿ ಕನ್ನಡ ಬರೆಯುವವರೆಲ್ಲ ಧಾರವಾಡದ ಕಡೆ ಮುಖ ಮಾಡಬೇಕು. ಅಲ್ಲಿಯ ಮಾಸಪತ್ರಿಕೆಗೆ ಕಳಿಸಿದೆ. ತಿರುಗಿ ಬಂತು: ಹಾಳೆಯ ಒಂದೇ ಬದಿಗೆ ಬರೆಯಿರಿ, ಅಚ್ಚಿನ ಮೊಳೆ ಜೋಡಿಸುವವರು ತಿರುವಿ ಹಾಕುತ್ತ ಕೂರಲಾರರು. ಹಾಳೆಯ ಬೆನ್ನು ಖಾಲಿ ಬಿಡುವುದು ಪಾಪವೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಮುನಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ನಾದಿನಿಗೆ ಜ್ವರ ಏರಿತ್ತು, ಕಂಕುಳಲ್ಲಿ ಗಡ್ಡೆ ಎದ್ದಿತ್ತು.

“ಇನ್ನ ಅಚ್ಚಾದ ಮ್ಯಾಲ ಅದರಾಗಿಂದನ ಓದ್ರಿ ವೈನಿ. ಕೈಲೆ ಬರದದ್ದು ಬ್ಯಾಡ.”

ಅವಳ ಚಾಪೆಯ ಪಕ್ಕ ಕೂತು ಮತ್ತೆ ಬರೆದೆ. ಟಪಾಲಿಗೆ ಹಾಕಿದ ವಾರದಲ್ಲೇ ಅವಳು ಹೋದಳು.

ಪತ್ರಿಕೆ ಬರುವಾಗ ನಾವು ಕಲಬುರಗಿಗೆ ಮರಳಿದ್ದೆವು. ಗೋಡೆಗಳಲ್ಲಿ ಹಸಿ ಸುಣ್ಣದ ವಾಸನೆ. ನಡುಮನೆಯಲ್ಲಿ ಕೂತು, ಯಾರಿಗೆಂದು ತಿಳಿಯದೆ, ಗಟ್ಟಿಯಾಗಿ ಓದಿದೆ. ಅತ್ತೆ ಬೇಳೆ ಕೇರುತ್ತಿದ್ದರು. ಓದಿ ಮುಗಿದಾಗ ಕೈ ನಿಲ್ಲಿಸಿ ಕೇಳಿದರು:

“ಚೂರ ಎಲ್ಲಿ ಹ್ವಾದ್ವು?”

ಪುಟ ತಿರುಗಿಸಿ ನೋಡಿದೆ; ಓದುವ ಭರದಲ್ಲಿ ನನಗದು ಹೊಳೆದಿರಲಿಲ್ಲ. ಬಳೆ ಒಡೆದರು, ಹುಡುಗಿ ಬಿಕ್ಕಿ ಅತ್ತಳು ಎಂದಿತ್ತು. ಸಂಪಾದಕರು ತಿದ್ದಿದ್ದರು.

“ತಗದಾರ್ರಿ, ಅತ್ತಿ.”

“ಆಕಿ ಅಳಲಿಲ್ಲ. ಹಿಡಕೊಂಡಾಕಿ ನಾ, ನನಗ ಗೊತ್ತದ.” ಪತ್ರಿಕೆಯ ಕಡೆ ಕೈ ತೋರಿಸಿ ಹೇಳಿದರು, “ಇನ್ನೊಮ್ಮಿ ಬರಿ ಯವ್ವಾ. ಹಸರು ಅಂತನೂ ಹಾಕು.”

ಹಾಳೆ ತಂದು, ಬರೆದ ಸಾಲನ್ನು ಓದಿ ಹೇಳುತ್ತ, ಒಂದೇ ಬದಿಗೆ ಶುರು ಮಾಡಿದೆ. ಅವರ ಮೊರ ಮತ್ತೆ ಅಲುಗಲಿಲ್ಲ.