ಕೇಳಿಸದಿದ್ದರೂ ಎತ್ತಿದ ಬೆರಳು

ಕುಂಯ್... ಕುಂಯ್... ಕುಂಯ್. ಪಕ್ಕದ ಕೋಣೆಯಲ್ಲಿ ಸೊಳ್ಳೆಯೊಂದು ಯಾರನ್ನೋ ಹುಡುಕುತ್ತಿರುವ ಹಾಗೆ ಸಣ್ಣಗೆ, ಆಮೇಲೆ ಮೌನ. ವಿಜಯನಗರದ ಪುಟ್ಟ ಕ್ಲಿನಿಕ್ಕೊಂದರಲ್ಲಿ, ಹೊರಗಿನ ಯಾವ ಸದ್ದೂ ನುಸುಳದ ಗಾಜಿನ ಕಿಟಕಿಯ ಗೂಡಿನೊಳಗೆ ಕೂತು ಹೆಡ್‌ಫೋನ್ ಹಾಕಿಕೊಂಡವರ ಕಿವಿಗೆ ಬಿಡುವ ಸದ್ದು ಅದು. ಕೇಳಿಸಿದರೆ ಬೆರಳೆತ್ತಬೇಕು, ಕೇಳಿಸದಿದ್ದರೆ ಸುಮ್ಮನಿರಬೇಕು, ಅಷ್ಟೇ ಪರೀಕ್ಷೆ. ಆ ವರ್ಷದ ಮಿಕ್ಕೆಲ್ಲವೂ ನೆನಪಿನಲ್ಲಿ ನೆನೆದ ರಟ್ಟಿನಂತೆ ಮೆತ್ತಗಾಗಿದೆ. ಈ ಸದ್ದೊಂದು ಮಾತ್ರ, ನೋಡಿ, ಗಟ್ಟಿಯಾಗಿ ಉಳಿದುಕೊಂಡಿದೆ.

ಅರವತ್ತು ದಾಟಿದ ಮೇಲೆ ಯಾರಾದರೂ ಹೊಸ ಕೆಲಸಕ್ಕೆ ಸೇರುತ್ತಾರೆಯೇ? ನಾನು ಸೇರಿದೆ. ಕಾನ್ವೆಂಟಿನಲ್ಲಿ ಓದಿ, ಕಾನ್ವೆಂಟಿನಲ್ಲೇ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳಿಗೆ ಖಿನ್ನತೆ ಬಂತು. ಬಂತು ಎಂದರೆ ಕದ ತಟ್ಟಿ ಬರಲಿಲ್ಲ. ಸೀರೆಯ ನೆರಿಗೆ ಹಿಡಿಯುತ್ತಾ ಹಿಡಿಯುತ್ತಾ ಅರ್ಧಕ್ಕೇ ಹಾಸಿಗೆಯ ಮೇಲೆ ಕೂತು, ಮಿಕ್ಕದ್ದನ್ನು ಯಾಕೆ ಹಿಡಿಯಬೇಕೆಂದು ತಿಳಿಯದೆ ಮಧ್ಯಾಹ್ನದವರೆಗೂ ಹಾಗೇ ಕೂತಿರುವಷ್ಟು ಮೆಲ್ಲಗೆ ಬಂತು. ರೀಸನ್ ಏನು, ಶಾಕ್ ಏನಾದರೂ ಆಯಿತೇ ಎಂದು ಎಲ್ಲರೂ ಕೇಳಿದರು. ಗೋಡೆಗೆ ತೇವ ಏರಿದ್ದಕ್ಕೆ ಇಂಥದೇ ಹನಿ ಕಾರಣ ಎಂದು ಯಾರು ತಾನೇ ಬೆರಳಿಟ್ಟು ತೋರಿಸಿಯಾರು?

ಮಾತ್ರೆ ಬರೆದುಕೊಟ್ಟ ಡಾಕ್ಟರು, ದಿನವೂ ಮನೆಯಿಂದ ಆಚೆ ಹೋಗುವ ನೆಪವೊಂದನ್ನು ಹುಡುಕಿಕೊಳ್ಳಿ ಎಂದರು. ಕಿವಿಯ ಪರೀಕ್ಷೆ ಮಾಡುವ ನನ್ನ ಹಳೆಯ ಶಿಷ್ಯೆ ಶಾಲಿನಿ, "ಟೀಚರ್, ನನ್ನ ಕ್ಲಿನಿಕ್‌ಗೆ ಬಂದ್ಬಿಡಿ. ವಯಸ್ಸಾದವರ ಹತ್ರ ಮಾತಾಡೋಕೆ ನಂಗೆ ಪೇಷೆನ್ಸೇ ಇಲ್ಲ" ಎಂದು ಕರೆದಳು. ಮೊದಲ ಸುತ್ತಿನ ಪರೀಕ್ಷೆಯನ್ನು ನನಗೆ ಕಲಿಸಿ, ಎರಡನೆಯದನ್ನು ತಾನೇ ಮಾಡುತ್ತಿದ್ದಳು. ಯಾದವಗಿರಿಯಿಂದ ಬೆಳಗ್ಗೆ ಆಟೋ ಏರುವುದು ಬೆಟ್ಟ ಹತ್ತಿದಷ್ಟು ಆಯಾಸ. ಆದರೂ ಆ ಕೆಲಸವೇ ನನಗೆ ಬಾವಿಯೊಳಗೆ ಇಳಿಬಿಟ್ಟ ಹಗ್ಗ. ಅದು ಕೈಜಾರೀತೆಂದು ಶಾಲಿನಿಯ ಮುಂದೆ ಕಾಯಿಲೆಯ ಸುದ್ದಿ ಎತ್ತಲಿಲ್ಲ. ಕೆಲಸ ಬಿಟ್ಟು ರೆಸ್ಟ್ ತೆಗೆದುಕೊಳ್ಳಿ ಎಂದುಬಿಟ್ಟಾರೆಂದು ಡಾಕ್ಟರ ಮುಂದೆ ನನ್ನ ಬೆಳಗಿನ ಪಾಡಿನ ಸುದ್ದಿ ಎತ್ತಲಿಲ್ಲ. "ಮಚ್ ಬೆಟರ್, ಡಾಕ್ಟರ್." ಮನೆಯಲ್ಲಿ ಜೊತೆಗಿದ್ದ ತಂಗಿ ಸ್ಟೆಲ್ಲಾ ಕೇಳಿದರೂ ಅದೇ ಉತ್ತರ. ಡಾಕ್ಟರು ಖುಷಿಯಾಗಿ, ಮುಂದಿನ ತಿಂಗಳಿಂದ ಮಾತ್ರೆ ಕಡಿಮೆ ಮಾಡೋಣ ಎಂದರು. ಅವರ ಖುಷಿ ಕಂಡು ನನಗೆ ಹೆದರಿಕೆಯಾಯಿತು.

ಆ ವಾರವೇ ಅಶೋಕಪುರಂನಿಂದ ಸಿದ್ದಯ್ಯನವರು ಬಂದದ್ದು. ಜೀವಮಾನವೆಲ್ಲ ಕಬ್ಬಿಣ ಬಡಿದು ಕಿವಿ ಮಂದವಾದವರು. ಜೊತೆಗೆ ಹೆಂಡತಿ ಪುಟ್ಟಮ್ಮ. ಗಾಜಿನಾಚೆ ಅವರು, ಈಚೆ ನಾನು. ಗುಂಡಿ ಒತ್ತಿದೆ, ಬೆರಳು ಎದ್ದಿತು. ಸದ್ದು ತಗ್ಗಿಸಿದೆ, ಎದ್ದಿತು. ಅನುಮಾನ ಬಂದು ಗುಂಡಿಯಿಂದ ಕೈ ತೆಗೆದು ಸುಮ್ಮನೆ ಕೂತೆ. ಆಗಲೂ ಬೆರಳು ಠೀವಿಯಿಂದ ಎದ್ದಿತು!

"ಈವಯ್ಯಂಗೆ ಮನೇಲಿ ಕುಕ್ಕರ್ ಕೂಗಿದ್ರೂ ಕೇಳ್ಸಲ್ಲ, ಇಲ್ಲಿ ಏನೂ ಇಲ್ದಿದ್ರೂ ಕೇಳ್ಸ್ತದಂತೆ!" ಎಂದು ಪುಟ್ಟಮ್ಮ ಹಣೆ ಚಚ್ಚಿಕೊಂಡರು.

ಹೊರಗೆ ಕರೆದು, ಯಾಕೆ ಹೀಗೆ ಮಾಡಿದಿರಿ ಎಂದು ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದೆ. ಸಿಕ್ಕಿಬಿದ್ದ ಹುಡುಗನಂತೆ ನಕ್ಕರು. "ಕ್ವಾಪ ಮಾಡ್ಕಬೇಡಿ ಮೇಡಮ್ಮೋರೆ. ನೀವು ಅಷ್ಟು ಸುಸ್ತಾಗಿ ಕೂತಿದ್ರಿ, ನಾನು ಬೆರಳೆತ್ತಿದಾಗೆಲ್ಲ ಒಸಿ ನಗ್ತಿದ್ರಿ. ಅದ್ಕೇ ಎತ್ಬುಟ್ಟೆ."

ಎದುರಿಗಿದ್ದವರ ಮುಖ ಅರಳಲೆಂದು ಇಲ್ಲದ್ದನ್ನು ಇದೆ ಎನ್ನುವುದು! ಕಾನ್ವೆಂಟಿನಲ್ಲಿ ಪಾಪನಿವೇದನೆಗೆ ಸಾಲಾಗಿ ನಿಲ್ಲಿಸಿದಾಗ, ಫಾದರ್‌ಗೆ ನಿರಾಸೆಯಾಗಬಾರದೆಂದು ನಾವು ಹುಡುಗಿಯರು ಮಾಡದ ಪಾಪಗಳನ್ನೂ ಹೊಂದಿಸಿಕೊಂಡು ಹೋಗುತ್ತಿದ್ದೆವು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಜನರ ಮುಂದೆ ಎಷ್ಟು ಬೆರಳೆತ್ತಿದೆನೋ. ಸಿದ್ದಯ್ಯನವರಿಗಾದರೆ ಇನ್ನೊಂದು ಸುತ್ತಿನ ಪರೀಕ್ಷೆಯಿತ್ತು; ನನ್ನ ಡಾಕ್ಟರಿಗೆ ನನ್ನ ಬೆರಳನ್ನು ನಂಬದೆ ವಿಧಿಯಿರಲಿಲ್ಲ.

ತಿಂಗಳು ತುಂಬುವವರೆಗೂ ಕಾಯದೆ ಹೋದೆ. "ಡಾಕ್ಟರ್, ಐ ಆ್ಯಮ್ ನಾಟ್ ಬೆಟರ್. ಬೆಳಗ್ಗೆ ನೆರಿಗೆ ಹಿಡಿಯೋಕೂ ಆಗ್ತಿಲ್ಲ" ಎಂದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಮಾತ್ರೆ ಕಡಿಮೆಯಾಗಲಿಲ್ಲ, ಬದಲಾಯಿತು. ಕೆಲಸ ಬಿಡುವುದು ಬೇಡ, ತಡವಾಗಿ ಹೋಗಿ ಎಂದರು. ತಡವಾಗಿ ಹೋಗಬೇಕಾದರೆ ಶಾಲಿನಿಗೆ ಹೇಳಲೇಬೇಕಲ್ಲ. ಹೇಳಿದೆ. ನನ್ನ ಕೈ ಹಿಡಿದುಕೊಂಡು, "ಹನ್ನೊಂದಕ್ಕೆ ಬನ್ನಿ ಟೀಚರ್. ಮೊದಲೇ ಹೇಳ್ಬಾರ್ದಿತ್ತಾ, ನಾನೂ ಇನ್ನೊಂದು ಗಂಟೆ ಮಲಗ್ತಿದ್ನಲ್ಲ!" ಎಂದಳು.

ಬೆಳಕು ಹರಿಯಿತು ಎಂದುಕೊಳ್ಳಬೇಡಿ. ಕೆಲವು ದಿನ ನೆರಿಗೆ ನಿಲ್ಲುತ್ತದೆ, ಕೆಲವು ದಿನ ಈಗಲೂ ಜಾರುತ್ತದೆ. ಜಾರಿದ್ದನ್ನು ಬಚ್ಚಿಡುವ ಆಯಾಸವೊಂದು ತಪ್ಪಿದೆ, ಅಷ್ಟೇ. ಅದೇನು ಸಣ್ಣ ಆಯಾಸವಲ್ಲ.

ಸಿದ್ದಯ್ಯನವರು ಆಮೇಲೆ ಮಗಳ ಊರಿಗೆ ಹೋಗಿ ನೆಲೆಸಿದರಂತೆ. ಅವರನ್ನು ಕೊನೆಯ ಸಲ ನೋಡಿದ್ದು, ಕಿವಿಯ ಮಿಷನ್ನನ್ನು ಹೊಂದಿಸಿಕೊಳ್ಳಲು ಅವರು ಬಂದ ದಿನ. ಕ್ಲಿನಿಕ್ ತುಂಬ ಜನ. ಕೆಲಸ ಮುಗಿಸಿ ಹೊರಟವರು ನನ್ನ ಮೇಜಿನ ಮುಂದೆ ನಿಂತು, "ಚೆನ್ನಾಗಿದ್ದೀರಾ ಮೇಡಮ್ಮೋರೆ?" ಎಂದರು. ನಾಲಿಗೆಯ ತುದಿಯಲ್ಲಿ ಹಳೆಯ ಉತ್ತರ ಸಿದ್ಧವಾಗಿತ್ತು. ಅದನ್ನು ನುಂಗಿಕೊಂಡು, "ಇಲ್ಲ ಕಣ್ರೀ ಸಿದ್ದಯ್ಯನವರೇ, ಇವತ್ತು ಆಗ್ತಿಲ್ಲ" ಎಂದೆ, ತೀರಾ ಮೆಲ್ಲಗೆ. ಆಂ? ಎಂದು ಅವರು ಕೇಳಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತುಬಿಟ್ಟರು. ಗೇಟಿನ ಹತ್ತಿರ ಆಟೋ ನಿಲ್ಲಿಸಿಕೊಂಡು ಪುಟ್ಟಮ್ಮ "ಬರ್ರೀ, ಎದ್ದು ಬರ್ರೀ" ಎಂದು ಬೀದಿಗೆಲ್ಲ ಕೇಳಿಸುವಂತೆ ಕೂಗುತ್ತಲೇ ಇದ್ದರು. ಮಿಷನ್ ಹಾಕಿಕೊಂಡಿದ್ದ ಸಿದ್ದಯ್ಯನವರು ಮಾತ್ರ ಏನೂ ಕೇಳಿಸದವರಂತೆ ಕೂತೇ ಇದ್ದರು.