ಟಿಪ್ಪಣಿ ಎಂಬ ಕಾಲಂ

ಎರಡು ವರ್ಷದಿಂದ ನನಗೆ ಒಂದೂ ಒಳ್ಳೆಯ ಸಂಬಂಧ ಯಾಕೆ ಬರಲಿಲ್ಲ ಎನ್ನುವುದನ್ನು ನಾನೇ ಬರೆದ ಎಂಟು ಸಾಲಿನ ಕಂಪ್ಯೂಟರ್ ಕೋಡು ತಿಳಿಸಿಕೊಟ್ಟಿತು. ಅಷ್ಟರಲ್ಲಿ ಅಮ್ಮ ಇಬ್ಬರು ಜ್ಯೋತಿಷಿಗಳಿಗೆ ನನ್ನ ಜಾತಕ ತೋರಿಸಿ ಆಗಿತ್ತು.

ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಬಂದು, ವೆಬ್‌ಸೈಟ್ ಮಾಡಿಕೊಡುವ ಸಣ್ಣ ಆಫೀಸೊಂದರಲ್ಲಿ ಕೆಲಸ ಮಾಡುತ್ತೇನೆ. ಕುಣಿಗಲ್ಲಿನ ಒಂದು ವಧೂವರರ ಕೇಂದ್ರದ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ನಡೆಸುವ ಅಕ್ಕ ಅಮ್ಮನಿಗೆ ಹಳೆಯ ಪರಿಚಯ. ಎರಡು ವರ್ಷದ ಹಿಂದೆ ನನ್ನ ಹೆಸರನ್ನೂ ಅಲ್ಲೇ ಬರೆಸಿದ್ದೆವು. ಆ ದಿನವೇ ಅವರಿಗೆ ಒಂದು ವಿಷಯ ಹೇಳಿಕೊಂಡಿದ್ದೆ. ಚಿಕ್ಕಂದಿನಲ್ಲಿ ನನಗೆ ಫಿಟ್ಸ್ ಬರುತ್ತಿತ್ತು. ನಿಂತು ಹನ್ನೆರಡು ವರ್ಷವಾಗಿದೆ, ಮಾತ್ರೆಯನ್ನು ಡಾಕ್ಟರೇ ಬಿಡಿಸಿದ್ದಾರೆ. ಅವರು ನನ್ನ ಕೈ ಹಿಡಿದುಕೊಂಡು, "ನನ್ ಹೊಟ್ಟೇಲೇ ಇರ್ತದೆ ಬುಡವ್ವ. ಗಂಡು ಬಂದಾಗ ನೀನೇ ಹೇಳೀವಂತೆ," ಎಂದಿದ್ದರು. ಆಮೇಲೆ ಹೋದಾಗಲೆಲ್ಲ ಕಾಫಿ ಕೊಡದೆ ಕಳಿಸಿದವರಲ್ಲ. ಸ್ವಂತ ಅಕ್ಕನಂತೆ ನಂಬಿದ್ದೆ.

ಡೇಟಾಬೇಸಿನಲ್ಲಿ ಒಬ್ಬೊಬ್ಬರದೂ ಒಂದು ದಾಖಲೆ. ಅದು ವೆಬ್ ಪುಟಕ್ಕೆ ಹೋಗಬೇಕಾದರೆ ಜೇಸನ್ ಎಂಬ ಸಾದಾ ಪಠ್ಯವಾಗಿ ಬದಲಾಗಬೇಕು. ಯಾವ ಯಾವ ಕಾಲಂ ಹೋಗಬೇಕೆಂದು ಒಂದೊಂದಾಗಿ ಬರೆಯುವುದು ಸರಿಯಾದ ದಾರಿ. ನಮ್ಮ ಆಫೀಸಿನ ಸಾಹೇಬರಿಗೋ ಯಾವಾಗಲೂ ಅವಸರ.

"ಒಂದೊಂದ್ ಯಾಕ್ ಬರೀತಾ ಕೂರ್ತೀಯಮ್ಮ? ಇರೋದೆಲ್ಲಾ ಕಳ್ಸು, ಪೇಜಲ್ಲಿ ಬೇಕಾದ್ದು ಮಾತ್ರ ತೋರ್ಸಿದ್ರಾಯ್ತು," ಎಂದರು. ಬ್ರೌಸರಿಗೆ ಹೋದದ್ದನ್ನು ಗೊತ್ತಿದ್ದವರು ತೆರೆದು ಓದಬಹುದು ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರು ಹೇಳಿದಂತೆಯೇ ಕೋಡು ಬರೆದು, ಪರೀಕ್ಷೆಗೆ ಬೇರೆಯವರ ವಿವರ ಯಾಕೆ ಎಂದು ನನ್ನ ದಾಖಲೆಯನ್ನೇ ಹಾಕಿ ನೋಡಿದೆ. ಮೊದಲು ಹುಟ್ಟಿದ ತಾರೀಕಿನಲ್ಲಿ ಎಡವಿತು; ತಾರೀಕು ಇದ್ದ ಹಾಗೇ ಜೇಸನ್ ಆಗುವುದಿಲ್ಲ, ಅಕ್ಷರಕ್ಕೆ ತಿರುಗಿಸಿಕೊಡಬೇಕು. ತಿರುಗಿಸಿದೆ. ಇಡೀ ದಾಖಲೆ ಪರದೆಯ ಮೇಲೆ ಸುರಿಯಿತು. ಎತ್ತರ, ನಕ್ಷತ್ರ, ಓದು. ಕೊನೆಗೆ, ಕೇಂದ್ರದವರ ಬಳಕೆಗೆಂದು ನಾನೇ ಮಾಡಿಕೊಟ್ಟಿದ್ದ, ಅಕ್ಕ ತಮ್ಮ ಹಳೆಯ ರಿಜಿಸ್ಟರ್ ನೋಡಿ ತುಂಬಿಸಿದ್ದ 'ಟಿಪ್ಪಣಿ' ಕಾಲಂ: "ಫಿಟ್ಸ್ ಇದೆ. ಒಳ್ಳೆ ಮನೆಯವರಿಗೆ ತೋರಿಸಬೇಡಿ. ಎರಡನೇ ಸಂಬಂಧದವರು ಕೇಳಿದರೆ ನೋಡೋಣ."

ನಿಂತು ಹನ್ನೆರಡು ವರ್ಷವಾದ ಸುದ್ದಿಯೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಸಿಟ್ಟಿಗಿಂತ ನಾಚಿಕೆ ಜಾಸ್ತಿ ಆಯಿತು, ಅಷ್ಟು ಸಲ ಅವರ ಮುಂದೆ ಕೂತು ನಕ್ಕಿದ್ದೆನಲ್ಲ ಎಂದು.

ಮಾರನೇ ದಿನ ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರು ದಾಟುವವರೆಗೂ ಬೈಗುಳ ಜೋಡಿಸಿಕೊಳ್ಳುತ್ತಲೇ ಇದ್ದೆ. ಅವರೆದುರು ಕೂತಾಗ ಬಾಯಿಗೆ ಬಂದದ್ದು ಇಷ್ಟೇ: "ನನ್ ಟಿಪ್ಪಣಿ ಓದ್ದೆ ಅಕ್ಕ."

ಅವರು ಬಾಗಿಲ ಕಡೆ ನೋಡಿ ಕೇಳಿದರು: "ಅದು ಹೊರಗಿನೋರ್ಗೂ ಕಾಣ್ತದಾ?"

ನಿನಗೆ ಬೇಜಾರಾಯಿತಾ ಎಂದು ಕೇಳಲಿಲ್ಲ. ಆ ಪಟ್ಟಿಯಲ್ಲಿ ಇನ್ನೂ ಎಷ್ಟೋ ಹುಡುಗಿಯರಿದ್ದರು. ಅವರ ಟಿಪ್ಪಣಿಗಳನ್ನು ನಾನು ತೆರೆಯಲಿಲ್ಲ. ಸಾಹೇಬರ ಮಾತು ಮೀರಿ, ಹಿಂದಿನ ಸಂಜೆಯೇ ಕಳಿಸಬೇಕಾದ ಕಾಲಂಗಳನ್ನು ಒಂದೊಂದಾಗಿ ಬರೆದು ಟಿಪ್ಪಣಿಯನ್ನು ಕೈಬಿಟ್ಟಿದ್ದೆ.

"ಕಾಣಲ್ಲ. ಮುಚ್ಚಿದೀನಿ," ಎಂದೆ.

"ಸದ್ಯ. ನೀನಾಗಿದ್ದಕ್ಕೆ ಆಯ್ತು ಕಣವ್ವ. ಬೇರೆಯೋರಾಗಿದ್ರೆ ನನ್ ಮಾನ ಕಳೀತಿದ್ರು," ಎಂದು ನಿಟ್ಟುಸಿರು ಬಿಟ್ಟರು.

ನಾನು ಎದ್ದು ಬಂದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಈಗಲೂ ತಿಂಗಳಿಗೊಮ್ಮೆ ಆ ಅಕ್ಕನಿಗೆ ಫೋನು ಮಾಡಿ, ನಮ್ಮ ಹುಡುಗಿಗೆ ಒಂದು ಒಳ್ಳೆ ಮನೆ ನೋಡಿ ಎಂದು ಕೇಳಿಕೊಳ್ಳುತ್ತಾಳೆ.